ಹಾಲು ನಿಲ್ಲಿಸಿದ ದಿನ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಪ್ಪಾ,

ಬೆಸುಗೆಯ ಕಿಡಿ ಬಿದ್ದ ಕೈಯ ಗಾಯ ಮಾಯಿತೇ? ಮುಲಾಮು ಹಚ್ಚುತ್ತಿದ್ದೀರೋ, ‘ತಾನೇ ಹೋಗುತ್ತೆ ಬಿಡು’ ಎಂದು ಮತ್ತೆ ಸೇತುವೆ ಕೆಲಸಕ್ಕೆ ಮೇಲೆ ಹತ್ತಿದ್ದೀರೋ? ನರ್ಸ್ ಮಗಳಿದ್ದೂ ಹೀಗೆ ಮಾಡಿದರೆ ನನ್ನ ಮಾನ ಹೋಗುತ್ತದೆ. ಅಮ್ಮ ಆರಾಮವಾಗಿದ್ದಾಳೆ, ನನ್ನ ಮೇಲೆ ಮಾತ್ರ ನಾಲ್ಕು ದಿನದಿಂದ ಮುನಿಸು. ಯಾಕೆಂದು ಬರೆಯುತ್ತೇನೆ.

ನಮ್ಮ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಏಳನೇ ತಿಂಗಳಿಗೇ ಹುಟ್ಟಿದ ಹೆಣ್ಣುಮಗುವೊಂದಿದೆ. ಅಂಗೈಯಗಲದ ಜೀವ, ಸೂಜಿ ತಾಗಿದರೆ ಕಾಲು ಝಾಡಿಸುತ್ತಾಳೆ. ನಾವೆಲ್ಲ ‘ಮೆಣಸಿನಕಾಯಿ’ ಎನ್ನುತ್ತೇವೆ. ಹೋದ ವಾರ ಒಂದು ಬೆಳಿಗ್ಗೆ ಅವಳು ಕಾಲಾಡಿಸಲಿಲ್ಲ. ಹೊಟ್ಟೆ ಮುಟ್ಟಿದರೆ ಗಾಳಿ ತುಂಬಿದ ಚೆಂಡಿನ ಹಾಗೆ ಬಿಗಿದಿತ್ತು. ಕಿರಿಯ ಡಾಕ್ಟರಿಗೆ ಹೇಳಿದೆ. ‘ಗ್ಯಾಸ್ ಇರ್ಬೇಕು, ಹಾಲು ಕೊಡ್ತಾ ಇರಿ, ಸಂಜೆ ನೋಡೋಣ’ ಎಂದರು. ಗಂಟೆ ಬಿಟ್ಟು ಮತ್ತೆ ಹೇಳಿದೆ. ‘ಡಾಕ್ಟರು ನೀವಾ, ನಾನಾ?’ ಎಂದರು. ಹೆತ್ತು ಹದಿನೈದು ದಿನವೂ ಆಗದ ತಾಯಿ ಗಾಜಿನ ಪೆಟ್ಟಿಗೆಯ ಪಕ್ಕ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಮಗುವಿಗೆ ಮಾತು ಬಾರದು, ತಾಯಿಗೆ ಏನು ಕೇಳಬೇಕೆಂದು ತಿಳಿಯದು. ಮಿಕ್ಕವಳು ನಾನೊಬ್ಬಳೇ. ನಳಿಕೆಯಲ್ಲಿ ಹೋಗುತ್ತಿದ್ದ ಹಾಲು ನಿಲ್ಲಿಸಿದೆ, ಸಮಯ ಮತ್ತು ಕಾರಣ ಬರೆದು ಸಹಿ ಹಾಕಿದೆ, ಹಿರಿಯ ಡಾಕ್ಟರಮ್ಮನ ಮನೆಗೇ ಫೋನ್ ಮಾಡಿದೆ. ಅವರು ಬಂದು ಎಕ್ಸ್‌ರೇ ತೆಗೆಸಿದರು. ಕರುಳಿಗೆ ಸೋಂಕು. ‘ಸಂಜೆವರೆಗೂ ಹಾಲು ಹೋಗಿದ್ರೆ ಕರುಳು ತೂತಾಗ್ತಿತ್ತು’ ಎಂದರು. ಈಗ ಔಷಧಿಯಲ್ಲೇ ಸೋಂಕು ಇಳಿಯುತ್ತಿದೆ; ಮೆಣಸಿನಕಾಯಿಯ ಅಳು ಬಾಗಿಲಾಚೆಗೂ ಕೇಳುತ್ತದೆ.

ಆದರೆ ಡಾಕ್ಟರ ಮಾತು ಮೀರಿದ್ದಕ್ಕೆ ನಾನು ಕ್ಷಮಾಪಣೆ ಬರೆದುಕೊಡಬೇಕೆಂದು ನಮ್ಮ ನರ್ಸ್‌ಗಳ ಮುಖ್ಯಸ್ಥೆ ಮೇಟ್ರನ್ ಪಟ್ಟು ಹಿಡಿದಿದ್ದಾರೆ. ‘ನಾಲ್ಕು ಸಾಲು ಗೀಚಿಕೊಟ್ರೆ ನಿನ್ನ ಗಂಟೇನು ಹೋಗುತ್ತೆ?’ ಎಂದಳು ಅಮ್ಮ. ‘ನನ್ನ ಗಂಟು ಹೋಗಲ್ಲ, ನಾಳೆ ಇನ್ನೊಬ್ಬ ನರ್ಸ್ ಬಾಯಿ ಮುಚ್ಕೋತಾಳೆ’ ಎಂದೆ. ಅಂದಿನಿಂದ ಮಾತಿಲ್ಲ, ಬಡಿಸುವುದು ಮಾತ್ರ ಎರಡು ಸೌಟು ಹೆಚ್ಚು.

ಸೇತುವೆ ಮೇಲೆ ಹತ್ತುವಾಗ ಸೊಂಟಕ್ಕೆ ಸುರಕ್ಷತಾ ಪಟ್ಟಿ ಬಿಗಿದುಕೊಳ್ಳಿ. ನಿಮ್ಮ ಹರಸುವ ಕೈ ನನ್ನ ತಲೆಯ ಮೇಲಿರಲಿ.

ಇಂತಿ,
ನಿಮ್ಮ ಮೊಂಡಿ

ತಾ.ಕ.: ಬಸ್ಸಿಗೆ ಹೊತ್ತಾಯಿತು. ನಾಳೆಯಲ್ಲ, ಮುಂದಿನ ಸೋಮವಾರ ಆಸ್ಪತ್ರೆಯಲ್ಲಿ ನನ್ನ ವಿಚಾರಣೆ. ಅಮ್ಮ ಫೋನ್ ಮಾಡಿ ‘ಅವಳಿಗೆ ಬುದ್ಧಿ ಹೇಳಿ’ ಎಂದರೆ ಹೂಂ ಎನ್ನಿ, ಹೇಳಬೇಡಿ. ನಾನು ಒಯ್ಯುವುದು ಕ್ಷಮಾಪಣೆಯಲ್ಲ: ನರ್ಸ್ ಹಾಲು ನಿಲ್ಲಿಸಿದರೆ ಹಿರಿಯ ಡಾಕ್ಟರು ನೋಡುವವರೆಗೆ ಯಾರೂ ಮತ್ತೆ ಶುರು ಮಾಡಬಾರದು ಎಂಬ ನಿಯಮ ಬೇಕೆಂದು ಕೇಳುವ ಕಾಗದ. ಹನ್ನೊಂದು ನರ್ಸ್‌ಗಳು ಸಹಿ ಹಾಕಿದ್ದಾರೆ. ಹನ್ನೆರಡನೆಯ ಸಹಿ ಆ ಕಿರಿಯ ಡಾಕ್ಟರದು. ಅವರೇ ಬಂದು ಪೆನ್ನು ಕೇಳಿದರು.