ಪ್ರಾರ್ಥನೆಯ ಸಾಲಿನಂತೆ ಬ್ಯಾಟಿಂಗ್

ಸೆಪ್ಟೆಂಬರ್ ೨, ಮಂಗಳವಾರ. ಸವದತ್ತಿ.

ತಪ್ಪು ನನ್ನದೇ, ಆದರೂ ನಗು ತಡೆಯಲಾಗುತ್ತಿಲ್ಲ. ಹುಡುಗಿಯರ ಸಾಫ್ಟ್‌ಬಾಲ್ ಫೈನಲ್. ನಮ್ಮ ಶಾಲೆಗೆ ಗೆಲ್ಲಲು ಒಂದೇ ರನ್ ಬೇಕಿತ್ತು. ಅಂಪೈರಿಗೆ ಕೊಟ್ಟ ಬ್ಯಾಟಿಂಗ್ ಪಟ್ಟಿಯಲ್ಲಿ ಮೊದಲು ಶರ್ವರಿ, ಆಮೇಲೆ ಅಂಬರೀನ. ಆದರೆ ದಿನಾ ಪ್ರಾರ್ಥನೆಗೆ ಗಿಡ್ಡವರನ್ನು ಮುಂದೆ ನಿಲ್ಲಿಸಿ ರೂಢಿ ಮಾಡಿದವನು ಪಿ.ಟಿ. ಮಾಸ್ತರನಾದ ನಾನೇ ಅಲ್ಲವೇ? ಗಿಡ್ಡ ಅಂಬರೀನಳೇ ಮೊದಲು ಹೋಗಿ ಜೋರಾಗಿ ಹೊಡೆದುಬಿಟ್ಟಳು. ಎದುರಿನವರು ತಕರಾರು ತೆಗೆದರು.

ಅಂಪೈರ್ ಮಹಮ್ಮದಗೌಸರು ಪಟ್ಟಿ ನೋಡಿದರು. "ಈ ಹೊಡೆತ ಲೆಕ್ಕಕ್ಕಿಲ್ರಿ ಸರ್. ಪಾಳಿ ಶರ್ವರೀದಿತ್ತು, ಅಕಿ ಔಟ್."

"ನಾ ಬ್ಯಾಟ್ ಮುಟ್ಟೇ ಇಲ್ಲಲ್ರೀ!" ಶರ್ವರಿ ಅಳುವುದೊಂದು ಬಾಕಿ.

"ಶರ್ವರಿ ಆದಮ್ಯಾಲೆ ಯಾರ ಪಾಳಿರಿ?" ಎಂದೆ.

ಅವರು ಮತ್ತೆ ಪಟ್ಟಿ ನೋಡಿ ನಕ್ಕರು. "ಅಂಬರೀನಳ್ದ! ಮತ್ತ ಅಕಿನ ಆಡ್ಬೇಕು."

ಈ ಸಲ ಚೆಂಡು ಬೇಲಿಯನ್ನೇ ದಾಟಿತು.

ನಾಳೆ ಪ್ರಾರ್ಥನೆಗೆ ಉದ್ದನೆಯ ಶರ್ವರಿಯನ್ನೇ ಎಲ್ಲರ ಮುಂದೆ ನಿಲ್ಲಿಸುತ್ತೇನೆ. ಹಿಂದೆ ನಿಂತ ಅಂಬರೀನಳಿಗೆ ಹೆಡ್‌ಮಾಸ್ತರರು ಕಾಣದಿದ್ದರೂ ಚಿಂತೆಯಿಲ್ಲ, ಬ್ಯಾಟಿಂಗ್ ಪಾಳಿ ತಪ್ಪದಿದ್ದರೆ ಸಾಕು.