ಇಪ್ಪತ್ಮೂರನೆಯ ಹೆಸರು

ಕಾಲೇಜಿನ ಆಫೀಸು, ಊಟದ ವಿರಾಮ
ಗುರುವಾರ, ಮೇ ೨

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲಾ ಅದು ಬೀರುವಿನಲ್ಲೇ ವಿಶ್ರಾಂತಿ ತೆಗೆದುಕೊಳ್ಳುತ್ತಿದೆಯೋ? ಬಿ.ಪಿ. ಮಾತ್ರೆಯನ್ನು ಬೆಳಿಗ್ಗೆಯದು ಸಂಜೆಗೆ, ಸಂಜೆಯದು ಮರುದಿನಕ್ಕೆ ಎಂದು ಮುಂದೂಡಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಮೈಗೆ ಏನೂ ಆಗಿಲ್ಲ. ಮನಸ್ಸು ಮಾತ್ರ ಹದಿನೈದು ದಿನದಿಂದ ಒಂದು ಕಡೆ ಕೂರುತ್ತಿಲ್ಲ. ಫೋನಿನಲ್ಲೇ ಹೇಳೋಣವೆಂದರೆ, ನಿನ್ನ ಮಗಳ ವಿಷಯ ಎತ್ತಿದ ಕೂಡಲೇ "ಹಾಲು ಉಕ್ತಾ ಇದೆ" ಎಂದು ಇಟ್ಟುಬಿಡುತ್ತೀಯ. ಎರಡೂವರೆ ವರ್ಷದಿಂದ ನಿನ್ನ ಮನೆಯಲ್ಲಿ ಹಾಲು ಉಕ್ಕುತ್ತಲೇ ಇದೆ. ಕಾಗದವನ್ನಾದರೆ ನಡುವೆ ಬಿಡುವುದಿಲ್ಲ ಎಂಬ ಧೈರ್ಯ ನನಗೆ. ಮೂವತ್ತೈದು ವರ್ಷ ಟೀಚರಾಗಿದ್ದವಳು, ತಪ್ಪು ಹುಡುಕುವುದಕ್ಕಾದರೂ ಕೊನೆತನಕ ಓದುತ್ತೀಯ.

ಈಗ ಸುದ್ದಿ. ನಮ್ಮ ನರ್ಸಿಂಗ್ ಕಾಲೇಜಿನ ಪದವಿ ಸಮಾರಂಭ ಇದೇ ಇಪ್ಪತ್ತೈದಕ್ಕೆ. ಈ ಸಲ ಭಾರತದ ಹುಡುಗಿಯರೇ ಮೂವತ್ತನಾಲ್ಕು ಮಂದಿ, ಅವರಲ್ಲಿ ನಿನ್ನ ಮಗಳು, ನಮ್ಮ ಗುಬ್ಬಿಯೂ ಒಬ್ಬಳು. ವೇದಿಕೆಯಲ್ಲಿ ಹೆಸರು ಓದುವವರು ನಮ್ಮ ಪ್ರಿನ್ಸಿಪಾಲ್. ಅವರು ಈ ದೇಶದವರೇ, ನಮ್ಮ ಭಾಷೆಗಳ ಗಾಳಿ ಸೋಕಿದವರಲ್ಲ. ಒಂದು ನಿಮಿಷ ಆಚೀಚೆ ಆಗುವುದಿಲ್ಲವೆಂದು ಹುಡುಗಿಯರು ಅವರಿಗೆ ಗಡಿಯಾರ ಎಂದು ಹೆಸರಿಟ್ಟಿದ್ದಾರೆ. ಹೋದ ವರ್ಷ ಗಡಿಯಾರ ಒಂದು ಹೆಸರು ಓದಿದರು, ಯಾರೂ ಏಳಲಿಲ್ಲ. ಇನ್ನೊಂದು ಸಲ ಓದಿದರು, ಆಗಲೂ ಇಲ್ಲ. ಆ ಹುಡುಗಿ ಮೂರನೆಯ ಸಾಲಿನಲ್ಲೇ ಕೂತಿದ್ದಳು ಅಕ್ಕ! ತನ್ನನ್ನೇ ಕರೆಯುತ್ತಿದ್ದಾರೆಂದು ಅವಳಿಗೆ ಗೊತ್ತಾಗಲಿಲ್ಲ. ಹಿಂದಿನ ಸಾಲಿನಲ್ಲಿ ಕ್ಯಾಮೆರಾ ಹಿಡಿದು ತುದಿಗಾಲಲ್ಲಿ ನಿಂತಿದ್ದ ಅವಳ ಅಪ್ಪ ಅಮ್ಮನಿಗೂ ಗೊತ್ತಾಗಲಿಲ್ಲ. ಕೊನೆಗೆ ಮಡಚುವ ಕುರ್ಚಿಗಳನ್ನೆಲ್ಲ ಒಳಗೆ ಹಾಕಿದ ಮೇಲೆ, ನನ್ನ ಆಫೀಸಿನ ಕಿಟಕಿಯಿಂದ ಆ ಸರ್ಟಿಫಿಕೇಟನ್ನು ನಾನೇ ಕೊಟ್ಟೆ, ಫೋಟೋಕಾಪಿ ಕೊಟ್ಟ ಹಾಗೆ. ಆ ತಾಯಿ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಗಡಿಯಾರಕ್ಕೂ ಅದು ಮನಸ್ಸಿಗೆ ನಾಟಿತ್ತು. ಈ ವರ್ಷ ಮೂರು ತಿಂಗಳು ಮೊದಲೇ ನನ್ನನ್ನು ಕರೆದು, ದಿನಾ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರವರೆಗೆ ಹೆಸರು ಕಲಿಸಬೇಕೆಂದು ಕೇಳಿಕೊಂಡರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಮ್ಮ ದೇಶದ ಹೆಸರುಗಳನ್ನು ನನಗೆ ಯಾರು ಹೇಳಿಕೊಡಬೇಕು ಎಂಬ ಜಂಬ. ಅವರ ಕೈಗೆ ಕನ್ನಡಿ ಕೊಟ್ಟು ನಾಲಿಗೆ ಮಡಚಲು ಕಲಿಸಿದೆ, ದೀರ್ಘಕ್ಕೆ ಎರಡು ಚಪ್ಪಾಳೆ, ಹ್ರಸ್ವಕ್ಕೆ ಒಂದು. ಪಾಪ, ಕುಂಡಗಳಿಗೆ ನೀರು ಹಾಕುವಾಗಲೂ ಚಪ್ಪಾಳೆ ತಟ್ಟುತ್ತಿದ್ದರು. ಹನ್ನೊಂದು ಹೆಸರು ಬಾಯಿಪಾಠವಾದ ಮೇಲೆ ಹುಡುಗಿಯರನ್ನು ಕರೆದು ಕೇಳಿಸಿದೆವು. ಏಳು ತಪ್ಪು! ಮೂವತ್ತನಾಲ್ವರಲ್ಲಿ ಕನ್ನಡದವರು ಆರೇ ಜನ, ನಾನು ಎಲ್ಲರ ಹೆಸರನ್ನೂ ಕನ್ನಡದ ಬಾಯಿಂದ ಓದಿಬಿಟ್ಟಿದ್ದೆ. ಸರಿ, ನೀವೇ ಹೇಳಿ ಎಂದರೆ, ನಾಲ್ಕು ವರ್ಷ ಇಲ್ಲಿನವರ ನಾಲಿಗೆಗೆ ಒಗ್ಗುವ ಹಾಗೆ ಕತ್ತರಿಸಿಕೊಂಡ ಹೆಸರನ್ನೇ ಅವರೂ ಹೇಳುತ್ತಾರೆ. ನನ್ನ ಮುಖ ಎಷ್ಟಾಗಿರಬೇಕು, ನೀನೇ ಊಹಿಸಿಕೋ.

ಆಗ ನೆನಪಾದವಳು ನೀನು. ಹೊಸ ಮಗು ಕ್ಲಾಸಿಗೆ ಬಂದ ದಿನ ಹಾಜರಿ ಪುಸ್ತಕ ತೆರೆಯುವ ಮೊದಲು "ಮನೇಲಿ ಅಮ್ಮ ನಿನ್ನ ಹೆಂಗೆ ಕರೀತಾರೆ?" ಎಂದು ಕೇಳುತ್ತಿದ್ದೆಯಲ್ಲ, ಅದನ್ನೇ ಗಡಿಯಾರಕ್ಕೆ ಹೇಳಿದೆ. ಅಂದಿನಿಂದ ನಮ್ಮ ಕೆಲಸದ ಕ್ರಮವೇ ಬದಲಾಯಿತು. ಪ್ರತಿ ಹುಡುಗಿಯ ಮನೆಗೆ ಫೋನು ಮಾಡಿ, ಹೆತ್ತವಳ ಬಾಯಿಂದಲೇ ಹೆಸರು ಹೇಳಿಸಿ, ಅದನ್ನು ರೆಕಾರ್ಡ್ ಮಾಡಿಕೊಳ್ಳುವುದು. ಗಡಿಯಾರ ಅದನ್ನು ಕೇಳಿ ಕೇಳಿ ಕಲಿಯುವುದು. ಒಬ್ಬ ತಾಯಿ ಹೊಲಿಗೆ ಯಂತ್ರ ತುಳಿಯುತ್ತಲೇ ಹೇಳಿದರು. ಇನ್ನೊಬ್ಬರು ಸ್ಕೂಲಿಗೆ ತಡವಾದವಳನ್ನು ಎಬ್ಬಿಸುವ ಹಾಗೆ ಗದರಿಸಿ ಹೇಳಿದರು. ಗಡಿಯಾರ ಆ ಗದರಿಕೆಯನ್ನೂ ಸೇರಿಸಿಯೇ ಕಲಿತುಬಿಟ್ಟರು, ಬಿಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ತಾಯಿ ಇಲ್ಲದ ಹುಡುಗಿಗೆ ಅವಳ ಅಣ್ಣ ಹೇಳಿದ. ಹೇಳಿದ ಮೇಲೆ, ಇನ್ನೊಂದು ಸಲ ಹೇಳಲಾ ಎಂದು ಕೇಳಿದ. ಹೀಗೆ ಮೂವತ್ಮೂರು ಹೆಸರು ಕೂಡಿದವು.

ಇಪ್ಪತ್ಮೂರನೆಯ ಸಾಲು ಖಾಲಿ ಇದೆ ಅಕ್ಕ. ಬೇರೆ ಎಲ್ಲ ಹೆಸರಿನ ಮುಂದೆಯೂ ಹಸಿರು ಗೆರೆ ಎಳೆದಿದೆ, ಗುಬ್ಬಿಯ ಹೆಸರಿನ ಮುಂದೆ ಇಲ್ಲ. ಗಡಿಯಾರ ದಿನಾ ಬೆಳಿಗ್ಗೆ ಕುರ್ಚಿ ಎಳೆದುಕೊಂಡು "ಇಪ್ಪತ್ಮೂರು?" ಎನ್ನುತ್ತಾರೆ, ನಾನು ಪೆನ್ನಿನ ಮುಚ್ಚಳ ಹುಡುಕುವ ನೆಪದಲ್ಲಿ ತಲೆ ತಗ್ಗಿಸುತ್ತೇನೆ. ಏನೆಂದು ಹೇಳಲಿ? ಅವಳ ತಾಯಿ ಮಗಳ ಹೆಸರನ್ನೇ ಬಾಯಲ್ಲಿ ತರುವುದಿಲ್ಲ ಎಂದೇ? ಭಾವ ತೀರಿಹೋದಾಗ ಅವಳು ಹೊತ್ತಿಗೆ ಬರಲಿಲ್ಲ, ನಿಜ. "ಅಪ್ಪನಿಗಿಂತ ಪರೀಕ್ಷೆ ಹೆಚ್ಚಾಯ್ತಲ್ಲ ಇವಳಿಗೆ, ಇನ್ನು ಈ ಮನೇಲಿ ಅವಳ ಹೆಸರು ಎತ್ತಬೇಡಿ" ಎಂದು ನೀನು ಎಲ್ಲರ ಮುಂದೆ ಹೇಳಿದೆ. ಹೇಳಿದ ಮಾತು ಉಳಿಸಿಕೊಳ್ಳುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. ಯಾರ ಯಾರ ಮಕ್ಕಳ ಹೆಸರನ್ನೋ ಒಂದಕ್ಷರ ತಪ್ಪದೆ ಕರೆದವಳು, ನಿನ್ನ ಮಗಳ ಹೆಸರನ್ನು ಹಾಜರಿ ಪುಸ್ತಕದಿಂದಲೇ ಹೊಡೆದುಹಾಕಿದೆ.

ನೀನು ಹೇಳದಿದ್ದರೆ ಏನಂತೆ, ನಾನೇ ಹೇಳಿದರಾಯಿತು ಎಂದುಕೊಂಡೆ. ಸೋಮವಾರ ಮನೆಯಲ್ಲಿ ಹೇಳಿ ರೆಕಾರ್ಡ್ ಮಾಡಿ, ಬಟ್ಟೆ ಒಣಹಾಕುತ್ತಿದ್ದ ಗುಬ್ಬಿಗೇ ಕೇಳಿಸಿದೆ. ನಕ್ಕಳು. "ಅಮ್ಮ ಹಂಗೆ ಕರೀಯಲ್ಲ ಚಿಕ್ಕಮ್ಮ" ಅಂದಳು. ಆಮೇಲೆ ಒಂದೇ ಅಂಗಿಯನ್ನು ಎಷ್ಟು ಹೊತ್ತು ಕೊಡವಿದಳು ಗೊತ್ತೇ? ಅವಳು ಹೇಳಿದ್ದು ಸರಿಯೇ. ಭಾವ ಅವಳನ್ನು ಗುಬ್ಬಿ ಅಂದರು, ಅವರನ್ನು ನೋಡಿ ನಾವೆಲ್ಲ ಗುಬ್ಬಿ ಅಂದೆವು. ಪೂರ್ತಿ ಹೆಸರನ್ನು, ಒಂದಕ್ಷರ ನುಂಗದೆ, ಕೊನೆಯಲ್ಲಿ ಸ್ವಲ್ಪ ಎಳೆದು ಕರೆಯುತ್ತಿದ್ದವಳು ನೀನೊಬ್ಬಳೇ. ಆ ಕರೆಯೇ ನಿಂತುಹೋದರೆ ಅದು ಹೇಗಿತ್ತೆಂದು ಹೇಳುವವರು ಯಾರಿದ್ದಾರೆ? ಅವಳನ್ನು ಕೇಳಿದರೆ "ಹೇಗಾದ್ರೂ ಓದ್ಲಿ, ನಾನು ಎದ್ದು ಹೋಗ್ತೀನಿ" ಅನ್ನುತ್ತಾಳೆ. ಅವಳು ಏಳುವುದಿಲ್ಲ ಅಕ್ಕ. ಅಂದು ಬೆಳಿಗ್ಗೆಯೇ ಡ್ಯೂಟಿ ಹಾಕಿಸಿಕೊಂಡು ಸಮಾರಂಭಕ್ಕೇ ಬರದೆ ಉಳಿಯುವ ಯೋಚನೆ ಅವಳದು. ಆಸ್ಪತ್ರೆಯ ಡ್ಯೂಟಿ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದನ್ನು ನಾನು ಕಣ್ಣಾರೆ ನೋಡಿದೆ.

ಇಪ್ಪತ್ತನೆಯ ತಾರೀಖು ಗಡಿಯಾರದ ಕೊನೆಯ ಅಭ್ಯಾಸ. ಈ ಕಾಗದ ನಿನಗೆ ತಲುಪಲು ಎಂಟೋ ಹತ್ತೋ ದಿನ ಬೇಕು. ಲೆಕ್ಕ ಹಾಕಿ ಹಾಕಿ ಕ್ಯಾಲೆಂಡರಿನ ಆ ಹಾಳೆ ಸವೆದುಹೋಗಿದೆ. ಆಫೀಸಿನ ಫೋನ್ ನಂಬರನ್ನು ಲಕೋಟೆಯ ಹಿಂದೆ ದೊಡ್ಡದಾಗಿ ಬರೆದಿದ್ದೇನೆ, ಕನ್ನಡಕ ಸಿಗದಿದ್ದರೂ ಕಾಣುವಷ್ಟು. ಒಂದು ಸಲ ಹೇಳಿದರೆ ಸಾಕು. ಅವಳೊಂದಿಗೆ ಮಾತಾಡು ಎಂದು ನಾನು ಕೇಳುತ್ತಿಲ್ಲ.

ಮಾತ್ರೆ ಮರೆಯಬೇಡ. ಸ್ಟೂಲ್ ಹತ್ತಿ ಅಟ್ಟದ ಮೇಲಿನ ಡಬ್ಬ ಇಳಿಸಬೇಡ. ಪಕ್ಕದ ಮನೆಯವರಿಗೆಲ್ಲ ನನ್ನ ನೆನಪು ಹೇಳು. ನಿನ್ನ ಕಾಲು ಮುಟ್ಟಿ ನಮಸ್ಕರಿಸುತ್ತೇನೆ, ನೋವಿಲ್ಲದ ಕಾಲನ್ನೇ.

ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ, ಒಂದು ಕಡೆ ಹರಿದಿದೆ, ಟೇಪು ಹಾಕಿದ್ದೇನೆ. ಮೇಲೆ ಗುಬ್ಬಿ ಹೊತ್ತಿಗೆ ಬರಲಿಲ್ಲ, "ನಿಜ" ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಭಾವ ತೀರಿಹೋದ ಆ ಬುಧವಾರ ನೀನು ನನಗೆ ಫೋನು ಮಾಡಿ "ಅವಳನ್ನ ಕಳಿಸು" ಅಂದೆ. ನಾನು ಹ್ಞೂಂ ಅಂದೆ. ಗುಬ್ಬಿಗೆ ಹೇಳಲಿಲ್ಲ. ಮರುದಿನ ಅವಳ ಪ್ರಾಕ್ಟಿಕಲ್ ಪರೀಕ್ಷೆ ಇತ್ತು, ಅದರ ಮರುದಿನ ಇನ್ನೊಂದು. ಹೊರಟರೂ ಭಾವನ ಮುಖ ನೋಡಲು ಸಿಗುವುದಿಲ್ಲ, ಇತ್ತ ವರ್ಷವೂ ಹೋಗುತ್ತದೆ ಎಂದು ನಾನೇ ತೀರ್ಮಾನ ಮಾಡಿದೆ. ನನ್ನ ಫೋನು ಕೆಟ್ಟಿದೆ ಎಂದು ಸುಳ್ಳು ಹೇಳಿ ಅವಳದನ್ನೂ ಇಸಿದುಕೊಂಡೆ. ಶುಕ್ರವಾರ ಸಂಜೆ, ಅವಳು ಸಮವಸ್ತ್ರಕ್ಕೆ ಇಸ್ತ್ರಿ ಹಾಕುವಾಗ ಹೇಳಿದೆ. ನಾವು ನಿನ್ನ ಬಾಗಿಲಿಗೆ ಬಂದಾಗ ವಾರ ಕಳೆದಿತ್ತು. "ಪರೀಕ್ಷೆ ಮುಗೀತಾ?" ಎಂದು ನೀನು ಕೇಳಿದೆ. ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಚೀಲ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಅವಳು "ಹ್ಞೂಂ ಅಮ್ಮ, ಮುಗೀತು" ಅಂದಳು. ಆಮೇಲೆ ಬಸ್ಸಿನಲ್ಲಿ ಯಾಕೆ ಹಾಗೆ ಹೇಳಿದೆ ಎಂದು ಕೇಳಿದರೆ, "ಅಪ್ಪ ಹೋದ್ರು, ಇನ್ನು ಅಮ್ಮನಿಗೆ ತಂಗಿನೂ ಇಲ್ದಂಗೆ ಮಾಡ್ಲಾ?" ಅಂದಳು. ನಾನು ಎರಡೂವರೆ ವರ್ಷ ಆ ಮಾತಿನ ಹಿಂದೆ ಅಡಗಿ ಕೂತೆ. ಇನ್ನು ಆಗುವುದಿಲ್ಲ. ಇಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ಫೋನು ಮಾಡಿದರೆ ನಾನೇ ಎತ್ತುತ್ತೇನೆ. ನನ್ನ ಹತ್ತಿರ ಮಾತಾಡಬೇಡ ಅಕ್ಕ, ನನ್ನ ಹೆಸರು ಇನ್ನು ಎತ್ತದಿದ್ದರೂ ಸರಿ. ಅವಳ ಹೆಸರು ಹೇಳಿ ಇಟ್ಟುಬಿಡು.