ಸೀಸ ಕರಗಿಸಿದ ಹಿತ್ತಲು

ಅಜ್ಜಂಪುರ, ೧೯೮೪

ಏನ್ರೀ,

ನೀವು ಕಣ್ಣು ಮುಚ್ಚಿದ ಮೇಲೆ ನಿಮಗೆ ಹೇಳಲೇಬೇಕು ಅನ್ನಿಸಿದ ಸುದ್ದಿ ಇದೇ ಮೊದಲು. ನೀವು ಲಾರಿಗಳ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ನಮ್ಮ ಹಿತ್ತಲು ಇವತ್ತು ಚೊಕ್ಕಟವಾಯ್ತು.

ಪಕ್ಕದ ಮನೆ ಹುಲಿಗೆಮ್ಮನ ಕರು ಅಲ್ಲಿ ಮೇದು ಸತ್ತಾಗ ಹಾವು ಕಚ್ಚಿರಬೇಕು ಅಂದಿದ್ರಲ್ಲ ನೀವು, ಈಚೆಗೆ ಬಂದು ಹಿತ್ತಲ ಮಣ್ಣು ಪರೀಕ್ಷೆ ಮಾಡಿದವರು ಸೀಸದ ವಿಷ ಅಂದ್ರು. ಅವರು ಹೇಳಿದ ಹಾಗೇ ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರು ಚಿಮುಕಿಸಿ, ಆಳುಗಳ ಜೊತೆ ನಾನೂ ಮೊಳದಾಳಕ್ಕೆ ಮಣ್ಣು ಅಗೆದೆ. ಅದನ್ನೆಲ್ಲ ಸಿಮೆಂಟಿನ ಗುಂಡಿಗೆ ತುಂಬಿ, ಮೇಲೆ ಚಪ್ಪಡಿ ಮುಚ್ಚಿಸಿದೆ.

ಇವತ್ತು ಅಗೆದ ಜಾಗಕ್ಕೆ ಕೆರೆಯ ಗೋಡುಮಣ್ಣು ಹಾಕುತ್ತಿದ್ದೆ. ಕರು ಸತ್ತಾಗಿನಿಂದ ಮಾತು ಬಿಟ್ಟಿದ್ದ ಹುಲಿಗೆಮ್ಮ ತಾನಾಗೇ ಮಣ್ಣು ಹೊರೋ ಮಂಕರಿ ಹಿಡಿದು ಬಂದಳು.

"ಪಂಕಜಕ್ಕ, ನೀವೆಷ್ಟು ಅಂತ ಹೊರ್ತೀರಿ? ಸರೀರಿ" ಅಂದಳು.

ಸಂಜೆ ಕಾಫಿ ಕುಡೀತಾ, "ಇನ್ಮೇಲೆ ನಮ್ಮ ಹಸುವನ್ನ ಈ ಕಡೆ ಬಿಡಬೋದಾ?" ಅಂದಳು.

"ಇನ್ನೊಂದು ಪರೀಕ್ಷೆ ಆಗ್ಲಿ, ಆಮೇಲೆ ಬಿಡುವಿಯಂತೆ" ಅಂದೆ. ಇಬ್ಬರೂ ನಕ್ಕೆವು.

ಮೈಯೆಲ್ಲ ನೋವು, ಮನಸ್ಸು ಮಾತ್ರ ಹಗುರಾಗಿದೆ.

ನಿಮ್ಮ ಹೊಟ್ಟೆನೋವು, ಕೈನಡುಕದ ವಿಷಯ ಕೇಳಿದಾಗ ಪರೀಕ್ಷೆಯವರು, ನೀವು ಎಲ್ಲಿ ಕೂತು ಕೆಲಸ ಮಾಡ್ತಿದ್ರಿ ಅಂತಷ್ಟೇ ಕೇಳಿದರು. ಸೀಸದ ಒಲೆಯ ಮುಂದೆ ನೀವು ದಿನಾ ಕೂರುತ್ತಿದ್ದ ಜಾಗವನ್ನು ಮಾತ್ರ ಇನ್ನೂ ಆಳಕ್ಕೆ ಅಗೆಸಿದೆ.

ನಿಮ್ಮ
ಪಂಕಜಾಕ್ಷಿ